ಪದಚರ್ಚೆ: ಬೋಧಕೇತರವೋ ಬೋಧನೇತರವೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಿಶ್ವವಿದ್ಯಾಲಯವೊಂದರ ಕೈಪಿಡಿ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ತಾವು ಪಾಠ ಹೇಳದಿದ್ದರೂ ಪಾಠ ಸಾಗಲು ದುಡಿಯುವವರ ಅಧ್ಯಾಯಕ್ಕೆ ತಲೆಬರಹ ಬೇಕು. ಕರಡಿನಲ್ಲಿ ಒಂದು ಕಡೆ ‘ಬೋಧಕೇತರ ಸಿಬ್ಬಂದಿಗಳು’, ಇನ್ನೊಂದು ಕಡೆ ‘ಬೋಧನೇತರ ಸಿಬ್ಬಂದಿ’, ಮತ್ತೊಂದು ಕಡೆ ‘ಕಲಿಕಾ ಬೆಂಬಲ ಸಿಬ್ಬಂದಿ’ ಎಂದಿದೆ. ಮೂರಕ್ಕೂ ಅರ್ಥ ಒಂದೇನಾ? ಗ್ರಂಥಪಾಲಕರು, ಪ್ರಯೋಗಾಲಯ ಸಹಾಯಕರು ಇದರೊಳಗೆ ಬರುತ್ತಾರಾ?

ಮೊದಲ ಉತ್ತರ

ಮೂರರ ಅರ್ಥವೂ ಬೇರೆ ಬೇರೆ. ಮೊದಲೆರಡರ ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ, ಆದರೆ ಆ ಅಕ್ಷರದಲ್ಲೇ ಎಲ್ಲ ಇದೆ.

ಬೋಧಕ + ಇತರ = ಬೋಧಕೇತರ. ಬೋಧನ + ಇತರ = ಬೋಧನೇತರ. ಎರಡೂ ಗುಣಸಂಧಿ, ವ್ಯಾಕರಣದ ದೃಷ್ಟಿಯಿಂದ ಎರಡೂ ಸರಿ. ಬೋಧಕೇತರ ಎಂದರೆ ಬೋಧಕರಲ್ಲದವರು. ಅದು ಆಳಿಗೆ, ಹುದ್ದೆಗೆ ಸಲ್ಲುವ ಮಾತು. ಬೋಧನೇತರ ಎಂದರೆ ಬೋಧನೆಯಲ್ಲದ್ದು. ಅದು ಕೆಲಸಕ್ಕೆ ಸಲ್ಲುವ ಮಾತು. ಜನಗಣತಿ, ಚುನಾವಣೆ ಇವೆಲ್ಲ ಅಧ್ಯಾಪಕರ ಬೋಧನೇತರ ಕೆಲಸಗಳು. ಅವನ್ನು ಮಾಡುವಾಗಲೂ ಅವರು ಬೋಧಕರೇ.

ಈಗ ಇದನ್ನು ತಿರುಗಿಸಿ ನೋಡಿ. ಪ್ರಯೋಗಾಲಯ ಸಹಾಯಕರು ಬೋಧಕೇತರರು, ಸರಿ. ಅವರ ಕೆಲಸ ಬೋಧನೇತರವೆ? ಪದವಿ ತರಗತಿಯ ಅನುಮಾಪನ (ಟೈಟ್ರೇಶನ್) ಪ್ರಯೋಗವನ್ನೇ ತೆಗೆದುಕೊಳ್ಳಿ. 20 ವಿದ್ಯಾರ್ಥಿಗಳಿಗೆ ತಲಾ 100 ಮಿ.ಲೀ. ಎಂದರೂ 0.1 ನಾರ್ಮಲ್ (ದ್ರಾವಣದ ಸಾಂದ್ರತೆಯ ಒಂದು ಅಳತೆ) ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ 2 ಲೀಟರ್ ಬೇಕು. ಲೀಟರಿಗೆ 4 ಗ್ರಾಂ ಲೆಕ್ಕದಲ್ಲಿ 8 ಗ್ರಾಂ ತೂಗಬೇಕು. ತೂಗುತ್ತಿರುವಾಗಲೇ ಆ ಗುಳಿಗೆಗಳು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರುತ್ತವೆ, ಹಾಗಾಗಿ ತಕ್ಕಡಿ 8 ಗ್ರಾಂ ತೋರಿಸಿದರೂ ಒಳಗಿರುವ ಕ್ಷಾರ ಅಷ್ಟಿರುವುದಿಲ್ಲ. ಲೀಟರಿಗೆ 6.3 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳು ಕರಗಿಸಿದ ದ್ರಾವಣದ ಎದುರು ಅಳೆದು ನಿಜವಾದ ಸಾಂದ್ರತೆಯನ್ನು ಶೀಷೆಯ ಮೇಲೆ ಬರೆಯಬೇಕು. ಇದನ್ನು ಬಿಟ್ಟರೆ ಇಡೀ ತರಗತಿಗೆ ಒಂದೇ ತಪ್ಪು ಉತ್ತರ ಬರುತ್ತದೆ. ಎಲ್ಲರ ಉತ್ತರವೂ ಒಂದಕ್ಕೊಂದು ತಾಳೆಯಾಗುವುದರಿಂದ ಯಾರಿಗೂ ಅನುಮಾನವೇ ಹುಟ್ಟುವುದಿಲ್ಲ. ಇಂಥ ಕೆಲಸವನ್ನು ‘ಬೋಧನೆಯಲ್ಲದ್ದು’ ಎನ್ನುವುದು ಸುಳ್ಳು. ಆದ್ದರಿಂದ ‘ಬೋಧನೇತರ ಸಿಬ್ಬಂದಿ’ ಎಂಬುದನ್ನು ಕರಡಿನಿಂದ ತೆಗೆದುಬಿಡಿ.

ಕೆಲವರು ಬೋಧಕೇತರವನ್ನು ‘ಬೋಧಕರು ಮತ್ತು ಇತರರು’ ಎಂದು ಬಿಡಿಸುತ್ತಾರೆ. ಇಲ್ಲಿರುವುದು ದ್ವಂದ್ವ ಸಮಾಸವಲ್ಲ, ತತ್ಪುರುಷ: ಬೋಧಕರಿಂದ ಬೇರೆಯಾದವರು. ಕನ್ನಡೇತರ, ಮಾನವೇತರ ಎಂಬಲ್ಲಿ ಇರುವುದೂ ಇದೇ. ಕಾಗುಣಿತದಲ್ಲಿ ‘ಭೋದಕ’ ಎಂಬ ತಪ್ಪು ತೀರಾ ಸಾಮಾನ್ಯ. ಮೂಲ ಧಾತು ಬುಧ್, ಮಹಾಪ್ರಾಣ ಇರುವುದು ಧಕಾರಕ್ಕೆ ಮಾತ್ರ.

‘ಸಿಬ್ಬಂದಿಗಳು’ ಬೇಡ. ಪರ್ಷಿಯನ್ನಿನಿಂದ ಬಂದ ಈ ಮಾತು ಮೊದಲು ಕಂದಾಯ ವಸೂಲಿಗೆ, ಕಾವಲಿಗೆ ಇಟ್ಟುಕೊಂಡ ಪಡೆಯ ಹೆಸರಾಗಿತ್ತು. ‘ಸಿಹ್’ ಎಂದರೆ ಮೂರು. ಮೂರು ತಿಂಗಳಿಗೊಮ್ಮೆ ಸಂಬಳ ಪಡೆಯುವವರು ಎಂಬ ವಿವರಣೆ ಇದೆ. ಪಡೆ, ದಂಡು ಇದ್ದ ಹಾಗೆ ಇದೂ ಗುಂಪನ್ನು ಹೇಳುವ ಪದ. ಒಬ್ಬರನ್ನೇ ಹೇಳಬೇಕಾದರೆ ‘ಸಿಬ್ಬಂದಿಯಲ್ಲೊಬ್ಬರು’ ಅಥವಾ ನೇರವಾಗಿ ‘ನೌಕರರು’ ಎನ್ನಿ. ಆದರೂ ‘ಸಿಬ್ಬಂದಿಯೊಬ್ಬರು’ ಬಳಕೆಯಲ್ಲಿ ನೆಲೆಯೂರಿದೆ, ಅದನ್ನು ತಿದ್ದಲು ನಾನು ಹೋಗುವುದಿಲ್ಲ.

ಎರಡನೆಯ ಉತ್ತರ

ಗ್ರಂಥಪಾಲಕರ ಮಾತು ಉಳಿಯಿತು. ಅವರನ್ನು ಬೋಧಕೇತರ ಎಂಬ ತಲೆಬರಹದಡಿ ಹಾಕಿದರೆ ನಿಯಮಕ್ಕೇ ವಿರುದ್ಧವಾಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನೇಮಕಾತಿ ನಿಯಮಾವಳಿಯ ಹೆಸರಿನಲ್ಲೇ ‘ಅಧ್ಯಾಪಕರು ಮತ್ತು ಇತರ ಶೈಕ್ಷಣಿಕ ಸಿಬ್ಬಂದಿ’ ಎಂದಿದೆ. ಆ ‘ಇತರ’ರಲ್ಲಿ ಗ್ರಂಥಪಾಲಕರೂ ದೈಹಿಕ ಶಿಕ್ಷಣ ನಿರ್ದೇಶಕರೂ ಇದ್ದಾರೆ. ಅವರ ಅರ್ಹತೆ, ಬಡ್ತಿ ಎಲ್ಲವೂ ಅದೇ ನಿಯಮಾವಳಿಯಲ್ಲಿ ಬರುತ್ತವೆ.

ಇದು ಬರೀ ಕಾಗದದ ಗೌರವವೂ ಅಲ್ಲ. ಸಂಶೋಧನ ಪ್ರಬಂಧದ ಕೃತಿಚೌರ್ಯ ತಪಾಸಣೆ ಬಹಳ ಕಡೆ ಗ್ರಂಥಾಲಯದಲ್ಲೇ ಆಗುತ್ತದೆ. ಆಯೋಗದ 2018ರ ಇನ್ನೊಂದು ನಿಯಮಾವಳಿಯ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಶೇ. 60 ದಾಟಿದರೆ ಸಂಶೋಧನ ವಿದ್ಯಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಉಲ್ಲೇಖ ಚಿಹ್ನೆಯೊಳಗಿನ ಮಾತು, ಗ್ರಂಥಸೂಚಿ ಇವನ್ನು ಹೊರಗಿಟ್ಟು ಎಣಿಸಬೇಕು. ಹಾಗೆ ಮಾಡದಿದ್ದರೆ ಪ್ರಾಮಾಣಿಕ ಪ್ರಬಂಧವೂ ಮಿತಿ ಮೀರಿದಂತೆ ಕಾಣುತ್ತದೆ. ತಂತ್ರಾಂಶದ ಅಂಕಿಯನ್ನು ಓದಿ ಅರ್ಥ ಹೇಳುವವರು ಬೇಕೇಬೇಕು.

ಹಳೆಯ ಕನ್ನಡ ನಾಡಿನಲ್ಲಿ ಗ್ರಂಥಪಾಲಕರಿಗೆ ಚೆಂದದ ಹೆಸರಿತ್ತು. ಈಗಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯ 1058ರ ಶಾಸನ ಅಲ್ಲಿನ ಘಟಿಕಾಸ್ಥಾನದ (ಅಂದಿನ ವಿದ್ಯಾಕೇಂದ್ರದ) ವ್ಯವಸ್ಥೆಯನ್ನು ವಿವರಿಸುವಾಗ ಬೋಧಕರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ, ಅಂದರೆ ಗ್ರಂಥಭಂಡಾರ ಕಾಯುವವರನ್ನೂ, ಹೇಳುತ್ತದೆ. ಅವರನ್ನು ‘ಇಂಥವರಲ್ಲದವರು’ ಎಂದು ಕರೆಯದೆ, ಅವರು ಕಾಯುವ ವಸ್ತುವಿನಿಂದಲೇ ಹೆಸರು ಕೊಟ್ಟಿದ್ದಾರೆ. ಕುಲಪತಿ ಎಂಬ ಪದದ ಹಳೆಯ ಲಕ್ಷಣಶ್ಲೋಕವೂ ಹೀಗೆಯೇ: ಹತ್ತು ಸಾವಿರ ಮುನಿಗಳಿಗೆ ಅನ್ನ ಮೊದಲಾದುವನ್ನು ಕೊಟ್ಟು ಪೋಷಿಸಿ ಓದಿಸುವವನು. ಅಡುಗೆಮನೆ, ವಸತಿ ಎಲ್ಲ ಆ ಪದದೊಳಗೇ ಇದ್ದವು.

ಮೊದಲ ಉತ್ತರದವರಿಂದ, ಮತ್ತೆ

ನಾಗಾವಿಯ ಶಾಸನ ನೆನಪಿಸಿದ್ದು ಒಳ್ಳೆಯದಾಯಿತು. ಉಳಿದದ್ದು ‘ಕಲಿಕಾ ಬೆಂಬಲ’. ಕಲಿಕೆ ಕನ್ನಡದ್ದೇ ಪದ. ಅದನ್ನು ‘ಆ’ ಸ್ವರದಲ್ಲಿ ಕೊನೆಯಾಗುವ ಸಂಸ್ಕೃತ ಪದದಂತೆ ‘ಕಲಿಕಾ’ ಮಾಡಬೇಕಾಗಿಲ್ಲ. ಶಾಲೆಯ ಕಡತಗಳಲ್ಲಿ ‘ಕಲಿಕಾ ಸಾಮಗ್ರಿ’ ಬೇರೂರಿದೆ ನಿಜ, ಆದರೆ ಹೊಸದಾಗಿ ಕಟ್ಟುವಾಗ ‘ಕಲಿಕೆಯ’ ಎನ್ನಲು ಯಾವ ತೊಡಕೂ ಇಲ್ಲ. ಬೆಂಬಲ ಅಂದರೆ ಬೆನ್ನಿನ ಬಲ, ಸೊಗಸಾದ ಪದ. ‘ಬೆಂಬಲ ಬೆಲೆ’ಯ ಮಾದರಿಯಲ್ಲಿ ‘ಬೆಂಬಲ ಸಿಬ್ಬಂದಿ’ಯೂ ನಿಲ್ಲುತ್ತದೆ. ‘ಬೋಧನಾ ಸಹಾಯಕ’ ಮಾತ್ರ ಬಳಸಬೇಡಿ, ಅದು ಪಾಠದಲ್ಲೇ ಕೈಜೋಡಿಸುವ ಸಂಶೋಧನ ವಿದ್ಯಾರ್ಥಿಗಳಿಗೆ ಆಗಲೇ ಸಂದಿದೆ.

ಕೈಪಿಡಿಯಲ್ಲಿ ಮೂರು ತಲೆಬರಹ ಮಾಡಿ. ಗ್ರಂಥಪಾಲಕರು, ದೈಹಿಕ ಶಿಕ್ಷಣ ನಿರ್ದೇಶಕರು: ‘ಇತರ ಶೈಕ್ಷಣಿಕ ಸಿಬ್ಬಂದಿ’. ಪ್ರಯೋಗಾಲಯ, ಗಣಕಕೇಂದ್ರ, ಶ್ರವಣ-ದೃಶ್ಯ ಕೊಠಡಿಯವರು: ‘ಕಲಿಕೆಯ ಬೆಂಬಲ ಸಿಬ್ಬಂದಿ’. ಕುಲಸಚಿವರ ಕಚೇರಿಯ ಅಧೀಕ್ಷಕರು, ಪ್ರಥಮ ದರ್ಜೆ ಸಹಾಯಕರು, ದ್ವಿತೀಯ ದರ್ಜೆ ಸಹಾಯಕರು: ‘ಆಡಳಿತ ಸಿಬ್ಬಂದಿ’. ಸೇವಾ ನಿಯಮ, ಸಂಬಳದ ಪಟ್ಟಿ ಬರುವ ಪುಟಗಳಲ್ಲಿ ಮಾತ್ರ ‘ಬೋಧಕೇತರ’ ಉಳಿಯಲಿ. ಅಲ್ಲಿ ಅದು ಕಾನೂನಿನ ಪದ, ಬದಲಿಸಿದರೆ ಆದೇಶಗಳ ಜೊತೆ ತಾಳೆಯಾಗುವುದಿಲ್ಲ.