ಮನೆ ಹಿಂದಿನ ಬರೆ ಬಿರುಕು ಬಿಟ್ಟಿದೆ, ಅಮ್ಮ ಮಾತ್ರ ಬರಲ್ಲ ಅಂತಾರೆ. ಏನು ಮಾಡಲಿ?

ಮಾದಾಪುರದ ಹುಡುಗ:

ನಮ್ಮ ಮನೆ ಇರುವುದು ಕೊಡಗಿನ ಮಾದಾಪುರದಿಂದ ಮೇಲೆ, ಗುಡ್ಡದ ಓರೆಯಲ್ಲಿ. 2011ರಲ್ಲಿ ಅಪ್ಪ ಜೆಸಿಬಿ ತರಿಸಿ, ಗುಡ್ಡ ಕಡಿದು ಸಮ ಮಾಡಿ ಕಟ್ಟಿಸಿದ್ದು. ಬರೆ, ಅಂದರೆ ಹಾಗೆ ಕಡಿದಾಗ ಮನೆ ಹಿಂದೆ ನೆಟ್ಟಗೆ ಉಳಿದ ಮಣ್ಣಿನ ಗೋಡೆ, ಹದಿನೆಂಟು ಅಡಿ ಎತ್ತರ ಇದೆ. ಬರೆಗೂ ಅಡುಗೆಮನೆ ಗೋಡೆಗೂ ನಡುವೆ ಒಂದು ಬಟ್ಟೆ ತಂತಿ ಕಟ್ಟುವಷ್ಟು ಜಾಗ, ಅಷ್ಟೇ. ಅಪ್ಪ ಹೋದ ವರ್ಷ ತೀರಿಕೊಂಡರು. ಈಗ ಮನೆಯಲ್ಲಿ ಅಮ್ಮ, ಎರಡು ಹಸು, ಒಂದು ನಾಯಿ. ನನಗೆ ಮೈಸೂರಿನಲ್ಲಿ ಕೆಲಸ. ಶನಿವಾರ ಹೋಗಿ ಬರುತ್ತೇನೆ.

ಹೋದ ವಾರ ಬರೆಯ ಮೇಲಿನ ಕಾಫಿ ಸಾಲಿನಲ್ಲಿ ಬಿರುಕು ಕಂಡೆ. ಹೆಬ್ಬೆರಳು ಇಳಿಯುವಷ್ಟು ಅಗಲ, ಹತ್ತು ಹೆಜ್ಜೆ ಉದ್ದ. ಅಮ್ಮನಿಗೆ ತೋರಿಸಿದರೆ "ಅದು ಬೇಸಿಗೆಯಲ್ಲೇ ಬಿಟ್ಟಿದ್ದು, ಸುಮ್ನೆ ಹೆದರಿಸಬೇಡ" ಅಂದರು. ಮಳೆಗಾಲ ಬಂತೆಂದರೆ ಪಂಚಾಯಿತಿಯಿಂದ ಜಾಗ ಖಾಲಿ ಮಾಡಿ ಅಂತ ನೋಟಿಸ್ ಬರುತ್ತದೆ. ಅಮ್ಮ ಅದನ್ನು ಮಡಚಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸುತ್ತಾರೆ. ಅಲ್ಲಿ ಈಗ ಐದು ಇವೆ. 2018ರ ಮಳೆಗೆ ಪಕ್ಕದ ಹಟ್ಟಿಹೊಳೆ ಕಡೆ ಗುಡ್ಡ ಅಷ್ಟೆಲ್ಲ ಜರಿದಾಗಲೂ ನಮ್ಮ ಮನೆಯ ಒಂದು ಹೆಂಚೂ ಅಲುಗಲಿಲ್ಲ, ಅದೇ ಅವರ ವಾದ.

ಹೊರಡುವ ಹೊತ್ತು ಬಂತು ಅಂತ ಗೊತ್ತಾಗುವುದು ಹೇಗೆ? ಬ್ಯಾಗಿನಲ್ಲಿ ಏನೇನು ಇರಬೇಕು? ಬರೆಗೆ ಗೋಡೆ ಕಟ್ಟಲು ಒಬ್ಬರು ನಾಲ್ಕು ಲಕ್ಷ ಹೇಳಿದ್ದಾರೆ. ಈಗಲೇ ಕಟ್ಟಿಸಲಾ?

ಸಂಪಾಜೆಯವ:

ಮಳೆಗಾಲದಲ್ಲಿ ಗೋಡೆ ಬೇಡವೇ ಬೇಡ. ಪಾಯ ತೆಗೆಯೋಕೆ ಬರೆಯ ಬುಡವನ್ನೇ ಅಗೆಯಬೇಕು. ನಿಂತಿರುವ ಮಣ್ಣಿನ ಕಾಲು ಕಡಿದ ಹಾಗೆ. ಡಿಸೆಂಬರ್ ಆದ ಮೇಲೆ ಇಂಜಿನಿಯರ್‌ಗೆ ತೋರಿಸಿ ಕಟ್ಟಿಸಿ. ನೀರು ಹೊರಗೆ ಬರೋಕೆ ಪೈಪ್ ಇಡದ ಗೋಡೆಯಾದರೆ ನಾಲ್ಕು ಲಕ್ಷ ಮಣ್ಣಿನ ಜೊತೆಗೇ ಕೆಳಗೆ ಬರುತ್ತದೆ.

ಈಗ ಮಾಡಬೇಕಾದದ್ದು ನೀರಿನ ಕೆಲಸ. ಬಿರುಕಿಗೆ ಜೇಡಿಮಣ್ಣು ತುಂಬಿ ಗಟ್ಟಿಯಾಗಿ ತುಳಿಯಿರಿ, ಮೇಲೆ ಟಾರ್ಪಾಲು ಹಾಕಿ. ಬಿರುಕಿಗಿಂತ ಮೇಲೆ ಒಂದು ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ತೋಟದಲ್ಲಿ ಇಂಗುಗುಂಡಿ ಇದ್ದರೆ ಬರೆಯ ಮೇಲಿನವನ್ನು ಮುಚ್ಚಿಬಿಡಿ. ಸಪಾಟು ಜಾಗಕ್ಕೆ ಅದು ಒಳ್ಳೆಯದೇ, ಇಂಥ ಇಳಿಜಾರಿನಲ್ಲಿ ಮಾತ್ರ ಗುಡ್ಡಕ್ಕೆ ನಾವೇ ನೀರು ಕುಡಿಸಿದಂತೆ.

2018ರ ಜುಲೈ 9ಕ್ಕೆ ಸಣ್ಣದೊಂದು ಭೂಕಂಪ ಆಗಿತ್ತಲ್ಲ, ಆಗಸ್ಟಿನಲ್ಲಿ ಗುಡ್ಡಗಳು ಜರಿದಾಗ ಎಲ್ಲರೂ ತಪ್ಪನ್ನು ಅದರ ಮೇಲೇ ಹಾಕಿದರು. ಜಿಎಸ್‌ಐಯವರು (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ) ಬಂದು ನೋಡಿ ಬೆರಳು ತೋರಿಸಿದ್ದು ನಾವು ಗುಡ್ಡ ಕಡಿದದ್ದರ ಕಡೆಗೆ. ನಮ್ಮ ಮನೆಯೂ ಕಡಿದ ಜಾಗದಲ್ಲೇ ಇದೆ, ಹಾಗಾಗಿ ಜಾಸ್ತಿ ಮಾತಾಡಲ್ಲ.

ಮಕ್ಕಂದೂರಿನ ಅಕ್ಕ:

ತಮ್ಮಾ, ನಿಮ್ಮ ಅಮ್ಮ ಹೇಳುವುದನ್ನೇ ನಾನೂ 2018ರ ಆಗಸ್ಟ್ 16ರ ಮಧ್ಯಾಹ್ನದವರೆಗೆ ಹೇಳುತ್ತಿದ್ದೆ.

ನಮಗೆ ನೀರು ಬರುತ್ತಿದ್ದದ್ದು ಗುಡ್ಡದ ಒರತೆಯಿಂದ, ಕಪ್ಪು ಪೈಪಿನಲ್ಲಿ. ಆವತ್ತು ಬೆಳಿಗ್ಗೆ ನಲ್ಲಿಯಲ್ಲಿ ಟೀ ಬಣ್ಣದ ನೀರು ಬಂತು. ಮಳೆಗಾಲ ಅಲ್ವಾ, ಬಟ್ಟೆಯಲ್ಲಿ ಸೋಸಿ ಹಿಡಿದೆ. ಮಧ್ಯಾಹ್ನ ನೀರು ನಿಂತೇಹೋಯಿತು. ಎಲೆ ಸಿಕ್ಕಿಕೊಂಡಿರಬೇಕು ಅಂತ ಇವರು ಮೇಲೆ ಹೋದರು, ಹೋದಷ್ಟೇ ಬೇಗ ಇಳಿದು ಬಂದರು. ಒರತೆ ಇದ್ದ ಜಾಗದಲ್ಲಿ ಒರತೆಯೇ ಇಲ್ಲ, ನಾಲ್ಕು ಸಿಲ್ವರ್ ಓಕ್ ಮರ ಒಂದೇ ಕಡೆ ವಾಲಿವೆ. ನಾನು ಆಗ ಬಚ್ಚಲಿನ ಬಾಗಿಲು ಹಾಕೋಕೆ ಒದ್ದಾಡುತ್ತಿದ್ದೆ. ಮರ ಉಬ್ಬಿದೆ ಅಂದುಕೊಂಡಿದ್ದೆ. ಬಾಗಿಲಲ್ಲ, ಗೋಡೆ ಸರಿದಿತ್ತು.

ಬೆಳಕಿದ್ದಾಗಲೇ ಹೊರಟೆವು, ಅದರಿಂದ ಉಳಿದೆವು. ಗಾಬರಿಯಲ್ಲಿ ನಾನು ಎತ್ತಿಕೊಂಡದ್ದು ಏನು ಗೊತ್ತಾ? ಅನ್ನ ಇದ್ದ ಕುಕ್ಕರ್. ಆರ್‌ಟಿಸಿ (ಪಹಣಿ), ಪಾಸ್‌ಬುಕ್, ಇವರ ಬಿಪಿ ಮಾತ್ರೆ ಎಲ್ಲ ಬೀರುವಿನಲ್ಲೇ ಉಳಿದವು. ಮನೆಯ ಅರ್ಧಕ್ಕೆ ಮಣ್ಣು ತುಂಬಿತು. ಆಮೇಲೆ ಆ ಮನೆ ನಮ್ಮದೇ ಅಂತ ತೋರಿಸೋಕೆ ಒಂದೊಂದೇ ಕಾಗದಕ್ಕೆ ತಿಂಗಳುಗಟ್ಟಲೆ ಅಲೆದೆವು. ಹಾಗಾಗಿ ಬ್ಯಾಗಿನ ವಿಷಯದಲ್ಲಿ ನನ್ನದು ಒಂದೇ ಮಾತು: ಮೊದಲು ಕಾಗದ, ಆಮೇಲೆ ಮಾತ್ರೆ, ಆಮೇಲೆ ಟಾರ್ಚು. ಕಾಗದಗಳ ಫೋಟೋ ನಿಮ್ಮ ಫೋನಿನಲ್ಲೂ ಇರಲಿ. ಬೆಲ್ಲ, ಅವಲಕ್ಕಿ, ಒಂದು ಕಂಬಳಿ ಸಾಕು. ಸೆಲ್ ಹಾಕುವ ರೇಡಿಯೋ ಇಡಿ. ಕರೆಂಟ್ ಹೋಗಿ ಟವರಿನ ಡೀಸೆಲ್ ಮುಗಿದರೆ ಫೋನ್ ಬರೀ ಟಾರ್ಚು. ಆಗ ನಮಗೆ ಸುದ್ದಿ ಕೊಟ್ಟಿದ್ದು ಮಡಿಕೇರಿ ಆಕಾಶವಾಣಿ.

ಹಸುಗಳ ಹಗ್ಗ ಬಿಚ್ಚಿ ಬಂದಿದ್ದೆವು. ಮೂರನೇ ದಿನ ಎರಡೂ ರಸ್ತೆಯಲ್ಲಿ ಸಿಕ್ಕವು.

ಯಾವಾಗ ಹೊರಡುವುದು ಅಂತ ಮಳೆ ಸುರಿಯುವಾಗ ಕೂತು ಯೋಚಿಸಬೇಡಿ. ಬಿಸಿಲಿದ್ದಾಗಲೇ ಮಾತಾಡಿ ಮುಗಿಸಿಡಿ. ತೋಟದವರ ಮನೆಯಲ್ಲಿ ಮಳೆಮಾಪಕ ಇದ್ದೇ ಇರುತ್ತದೆ, ಇಂಚು-ಸೆಂಟ್ (ನೂರು ಸೆಂಟಿಗೆ ಒಂದು ಇಂಚು) ಲೆಕ್ಕ ನಿಮ್ಮ ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಮ್ಮಲ್ಲಿ ಈಗ ದಿನಕ್ಕೆ ಐದು ಇಂಚು ದಾಟಿದರೆ, ಇಲ್ಲವೇ ಮೂರು ದಿನ ಸೇರಿ ಹತ್ತು ಇಂಚಾದರೆ, ಸಂಜೆ ನಾಲ್ಕರೊಳಗೆ ಮನೆ ಬಿಡುತ್ತೇವೆ. ಇದು ನಮ್ಮ ಮನೆಯ ಲೆಕ್ಕ, ಶಾಸ್ತ್ರ ಅಲ್ಲ. ಬಿರುಕು ಇರುವ ನಿಮಗೆ ಇನ್ನೂ ಕಡಿಮೆ ಇಟ್ಟುಕೊಳ್ಳಿ. ಒರತೆ ನೀರು ಕೆಂಪಾದರೆ, ಒಣ ಜಾಗದಲ್ಲಿ ಹೊಸದಾಗಿ ನೀರು ಒಸರಿದರೆ, ಮಳೆ ಸುರಿಯುತ್ತಿದ್ದರೂ ತೋಡಿನ (ಸಣ್ಣ ಹಳ್ಳದ) ನೀರು ಇಳಿದರೆ ಲೆಕ್ಕಗಿಕ್ಕ ಏನೂ ಬೇಡ, ಎದ್ದು ನಡೆಯುವುದೇ.

ಬಿರುಕಿನ ಎರಡೂ ಕಡೆ ಒಂದೊಂದು ಗೂಟ ಹೊಡೆದು ನಡುವಿನ ದೂರ ದಿನಾ ಅಳೆಯಲು ಹೇಳಿ. ಅಗಲ ಆಗ್ತಾ ಇದ್ದರೆ ಅಮ್ಮನ ಕಣ್ಣಿಗೇ ಕಾಣುತ್ತದೆ. ನೀವು ಹೇಳಿದರೆ ಕೇಳಲ್ಲ, ಟೇಪು ಹೇಳಿದರೆ ಕೇಳಬಹುದು.

ಅಂಕೋಲದವ:

ಒಂದೇ ಮಾತು ಸೇರಿಸುತ್ತೇನೆ. ಹೊರಡುವ ದಾರಿಯನ್ನೂ ಮೊದಲೇ ನೋಡಿಡಿ. 2024ರ ಜುಲೈ 16ರಂದು ನಮ್ಮ ಕಡೆಯ ಶಿರೂರಿನಲ್ಲಿ ಗುಡ್ಡ ಬಿದ್ದದ್ದು ಹೆದ್ದಾರಿ ಮೇಲೆ. ರಸ್ತೆ ಬದಿಯ ಚಹಾ ಅಂಗಡಿಯೂ ಅದರ ಕೆಳಗೇ ಹೋಯಿತು. ಮಳೆಯಲ್ಲಿ ಬರೆ ಕಡಿದ ರಸ್ತೆಯಲ್ಲಿ ಗಾಡಿ ನಿಲ್ಲಿಸಬೇಡಿ. ಜಿಲ್ಲಾ ಕಂಟ್ರೋಲ್ ರೂಮ್ 1077, ಅಮ್ಮನ ಫೋನಿನಲ್ಲಿ ಸೇವ್ ಮಾಡಿ.

ಮಾದಾಪುರದ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಹೋಗಿದ್ದೆ. ಚರಂಡಿ ತೆಗೆದು ಟಾರ್ಪಾಲು ಹಾಕಿದ್ದಾಯಿತು. ಗೂಟ ಹೊಡೆದಿದ್ದು ಅಮ್ಮನೇ. ನಾನು ಹೊಡೆದದ್ದು ಸೊಟ್ಟ ಇತ್ತಂತೆ. ದಿನಕ್ಕೆ ಮೂರು ಇಂಚು ಅಂತ ಒಪ್ಪಿಸಿದ್ದೇನೆ, ಆದರೆ ಒಂದು ಷರತ್ತು: ಹಸುಗಳನ್ನು ಈ ವಾರವೇ ಕುಶಾಲನಗರದ ಚಿಕ್ಕಮ್ಮನ ಕೊಟ್ಟಿಗೆಗೆ ಸಾಗಿಸಬೇಕು. ಪಿಕಪ್ ಹೇಳಿದ್ದೇನೆ. ಹಾಲು ಕರೆಯುವ ಹಸು ಹೋದರೆ ತಾವು ಮನೆಯಲ್ಲಿ ಕೂತು ಏನು ಮಾಡಲಿ ಅಂತ ಈಗಾಗಲೇ ಗೊಣಗುತ್ತಿದ್ದಾರೆ. ಬಹುಶಃ ಅವರೂ ಹಿಂದೆಯೇ ಹೋಗುತ್ತಾರೆ.

ಅಕ್ಕಾ, ಇನ್ನೊಂದು ವಿಷಯ. ಚಿಕ್ಕಮ್ಮನ ಮನೆಯಲ್ಲಿ ಆಗಲೇ ಎರಡು ನಾಯಿ ಇವೆ, ನಮ್ಮದು ಜಗಳಗಂಟ. ಆಗ ಗಂಜಿ ಕೇಂದ್ರ ಅಂತಿದ್ದೆವಲ್ಲ, ಈಗಿನ ಕಾಳಜಿ ಕೇಂದ್ರ, ಅಲ್ಲಿ ನಾಯಿ ಬಿಟ್ಟುಕೊಳ್ಳುತ್ತಾರಾ?