ಕಿಲಿಮಂಜಾರೊ: ಮರಂಗು 5 ದಿನವೋ, ಮಚಾಮೆ 7 ದಿನವೋ? ಹೋಗಿಬಂದವರು ದಯವಿಟ್ಟು ಹೇಳಿ

ಹೊಸಹೆಜ್ಜೆ:
ಜನವರಿ ಕೊನೆಗೆ ನಾನು, ನನ್ನ ತಂಗಿ ತಾಂಜಾನಿಯಾದ ಕಿಲಿಮಂಜಾರೊ ಬೆಟ್ಟ ಹತ್ತಬೇಕು ಅಂತಿದ್ದೇವೆ. ನನಗೆ 46, ಅವಳಿಗೆ 39. ಮರಂಗು ದಾರಿಯ 5 ದಿನದ ಪ್ಯಾಕೇಜ್ ಕಡಿಮೆ ದುಡ್ಡಿಗೆ ಸಿಗುತ್ತಿದೆ, ಮಲಗುವುದಕ್ಕೆ ಹಟ್ ಕೂಡ ಇದೆ. ಮಚಾಮೆ 7 ದಿನ, ಟೆಂಟು, ಖರ್ಚು ಜಾಸ್ತಿ. ತಂಗಿಗೆ ಇಳಿಯುವಾಗ ಮೊಣಕಾಲು ನೋಯುತ್ತದೆ. ಯಾವುದು ವಾಸಿ?

ಮೋಡದಾಚೆ:
5 ದಿನದ ಮರಂಗು ಬೇಡ. ಖಂಡಿತ ಬೇಡ. ನಾನು ಅದರಲ್ಲೇ ಹೋದವನು. ‘ಸುಲಭದ ದಾರಿ, ಮಂಚ ಇದೆ, ಹಾಸಿಗೆ ಇದೆ’ ಅಂತ ಕಂಪನಿಯವರು ಮಾರಿದರು. ದಾರಿ ಸುಲಭವೇ. ಎತ್ತರ ಸುಲಭ ಅಲ್ಲ. ಮೊದಲ ರಾತ್ರಿ ಮಂಡಾರಾ ಹಟ್, 2,720 ಮೀಟರ್. ಮರುದಿನ ಹೊರೊಂಬೊ, 3,720. ಅದರ ಮರುದಿನ ಕಿಬೊ, 4,720. ದಿನಕ್ಕೆ ಸಾವಿರ ಮೀಟರ್! 3,000 ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಏರಿಸಬೇಡಿ ಅನ್ನುವುದು ಪರ್ವತ ವೈದ್ಯರ ಮಾತು. ಬುಕ್ ಮಾಡುವಾಗ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕಿಬೊದಲ್ಲಿ ಸಂಜೆ ಸೂಪು ಕೂಡ ಗಂಟಲಲ್ಲಿ ಇಳಿಯಲಿಲ್ಲ. ನಡುರಾತ್ರಿ ಹೊರಟೆವು. ಆ ಏರಿನಲ್ಲಿ ಬರೀ ಸಡಿಲ ಜಲ್ಲಿ, ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಹಾನ್ಸ್ ಮೆಯರ್ ಗುಹೆ ಹತ್ತಿರ ವಾಂತಿ ಶುರುವಾಯಿತು. ಜ್ವಾಲಾಮುಖಿ ಕುಳಿಯ ಅಂಚಿನ ಗಿಲ್ಮನ್ಸ್ ಪಾಯಿಂಟ್ 5,685 ಮೀಟರ್, ಅಲ್ಲಿಗೆ ಹೇಗೆ ಮುಟ್ಟಿದೆ ಅಂತ ನೆನಪಿಲ್ಲ. ಗೈಡ್ ನನ್ನ ಗ್ಲೌಸ್ ಕಿತ್ತು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದ, ಎರಡು ಸಲ ನೋಡಿದ, ‘ಇಳಿಯೋಣ’ ಅಂದ. ಉಹುರು ಶಿಖರ 5,895. ಕುಳಿಯ ಅಂಚು ಹಿಡಿದು 210 ಮೀಟರ್ ಏರುವುದಷ್ಟೇ ಬಾಕಿ ಇತ್ತು. ಈಗಲೂ ಹೊಟ್ಟೆ ಉರಿಯುತ್ತದೆ.

ಉಳಿಸಿದ್ದೆಷ್ಟು ಅಂತ ಕೇಳಿ. ನಾನು ಹೋದಾಗ ಪಾರ್ಕಿಗೆ ದಿನಕ್ಕೆ 70 ಡಾಲರ್, ಹಟ್‌ಗೆ ರಾತ್ರಿಗೆ 60, ರೆಸ್ಕ್ಯೂ ಫೀಸು 20, ಎಲ್ಲದರ ಮೇಲೆ ಶೇ. 18 ತೆರಿಗೆ. 5 ದಿನಕ್ಕೆ ಸುಮಾರು 720 ಡಾಲರ್. ಟೆಂಟಿನ ದಾರಿಯಾದರೆ ರಾತ್ರಿಗೆ 50, 7 ದಿನಕ್ಕೆ ಸುಮಾರು 956. ವ್ಯತ್ಯಾಸ 236 ಡಾಲರ್. ಅಷ್ಟಕ್ಕೋಸ್ಕರ ವಿಮಾನದ ಟಿಕೆಟ್ಟು, ವೀಸಾ, ಬೂಟು, ಜಾಕೆಟ್ಟು ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಶಿರಾಬಯಲು:
ನೀವಿಬ್ಬರೂ 5, 7 ಅಂತ ಲೆಕ್ಕ ಹಾಕುತ್ತಿದ್ದೀರಿ. 8 ದಿನದ ಲೆಮೋಶೊ ಹೆಸರನ್ನೇ ಯಾರೂ ಎತ್ತಲಿಲ್ಲ. ಪಶ್ಚಿಮದ ಕಾಡಿನಿಂದ ಹತ್ತಿ ಶಿರಾ ಬಯಲು ದಾಟಬೇಕು. ಆ ಬಯಲಲ್ಲಿ ಬೆಳಗ್ಗೆ ಟೆಂಟಿನ ಬಾಗಿಲು ತೆಗೆದರೆ ಶಿಖರವಿರುವ ಕಿಬೊ ಬೆಟ್ಟ ಪೂರ್ತಿ ಎದುರಿಗಿರುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬರೂ ಅರ್ಧದಲ್ಲೇ ವಾಪಸ್ ಬರಲಿಲ್ಲ, ಎಲ್ಲರೂ ಉಹುರು ಮುಟ್ಟಿದೆವು. ದುಡ್ಡು ಬಿತ್ತು, ನಿಜ. ಒಂದು ಡಾಲರ್ ಕೂಡ ದಂಡ ಅನ್ನಿಸಲಿಲ್ಲ.

ಕಡಿಮೆ ದರದ ಪ್ಯಾಕೇಜ್ ಬಗ್ಗೆ ಒಂದು ಮಾತು. 1,300 ಡಾಲರಿಗೆ ಕರೆದುಕೊಂಡು ಹೋಗುತ್ತೇನೆ ಅಂದರೆ, ಪಾರ್ಕಿಗೆ 720 ಕಟ್ಟಿದ ಮೇಲೆ ಉಳಿಯುವುದು 580. ಅದರಲ್ಲೇ ಗೈಡು, ಅಡುಗೆಯವರು, ಪೋರ್ಟರುಗಳು, ಊಟ, ಗಾಡಿ, ಹೋಟೆಲ್, ಕಂಪನಿ ಲಾಭ. ಕೊನೆಗೆ ಯಾರ ಹೊಟ್ಟೆ ಮೇಲೆ ಹೊಡೆಯುತ್ತಾರೆ? ಪೋರ್ಟರುಗಳ ಹೊಟ್ಟೆ ಮೇಲೇ. ಬರಾಂಕೊ ಗೋಡೆ ಅನ್ನುವ ಕಡಿದಾದ ಬಂಡೆಯೇರಿನಲ್ಲಿ ನಾವು ಎರಡೂ ಕೈಯಲ್ಲಿ ಬಂಡೆ ಹಿಡಿದು ಹತ್ತುವಾಗ, ಬೇರೆ ಗುಂಪಿನ ಹುಡುಗನೊಬ್ಬ ತಲೆ ಮೇಲೆ ಮೂಟೆ ಹೊತ್ತು ಪಕ್ಕದಲ್ಲೇ ಹತ್ತಿದ. ಕಾಲಲ್ಲಿ ಅಟ್ಟೆ ಬಿಟ್ಟುಕೊಂಡ ಕ್ಯಾನ್‌ವಾಸ್ ಶೂ, ಅದಕ್ಕೆ ದಾರ ಸುತ್ತಿದ್ದ. ಹೊರೆ 20 ಕಿಲೋ ಮೀರಬಾರದು ಅಂತ ನಿಯಮ ಇದೆ, ಗೇಟಿನಲ್ಲಿ ತೂಗುತ್ತಾರೆ. ಆದರೆ ಕೂಲಿ, ಊಟ, ಶೂ ತೂಗುವವರು ಯಾರು? ಪೋರ್ಟರುಗಳ ಹಿತ ನೋಡುವ ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್‌ನ ಪಟ್ಟಿಯಲ್ಲಿರುವ ಕಂಪನಿಯನ್ನೇ ಆರಿಸಿ.

ಇನ್ನೊಂದು. ಗಿಲ್ಮನ್ಸ್ ಶಿಖರ ಅಲ್ಲ.

ಮೋಡದಾಚೆ:
ಶಿಖರ ಅಂತ ನಾನೆಲ್ಲಿ ಹೇಳಿದೆ? ಆದರೂ ಕೇಳಿ, ಗಿಲ್ಮನ್ಸ್ ಮುಟ್ಟಿದವರಿಗೂ ಪಾರ್ಕಿನವರೇ ಸರ್ಟಿಫಿಕೇಟ್ ಕೊಡುತ್ತಾರೆ. ಮತ್ತೆ ನಾನು ಪೋರ್ಟರ್ ಹೊಟ್ಟೆ ಮೇಲೆ ಹೊಡೆದೆನಾ? 280 ಡಾಲರ್ ಟಿಪ್ ಕೊಟ್ಟಿದ್ದೇನೆ. ಹೆಡ್ ಗೈಡ್ ಕೈಗೆ ಒಟ್ಟಿಗೆ ಕೊಡಲಿಲ್ಲ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಗೇ ಕೊಟ್ಟೆ. ನೀವು ಹಾಗೆ ಮಾಡಿದಿರಾ?

ಎತ್ತರಪ್ರೇಮಿ:
ಮಚಾಮೆ 7 ದಿನ. ಬೇರೆ ಮಾತೇ ಬೇಡ. 4,600 ಮೀಟರಿನ ಲಾವಾ ಟವರ್ ತನಕ ಹತ್ತಿ, ಅಲ್ಲಿ ಊಟ ಮಾಡಿ, 3,950ರ ಆಸುಪಾಸಿನ ಬರಾಂಕೊಗೆ ಇಳಿದು ಮಲಗುತ್ತೀರಿ. ಲಾವಾ ಟವರ್‌ನಲ್ಲಿ ತಲೆ ಸಿಡಿಯುತ್ತಿತ್ತು, ಬರಾಂಕೊ ಬರುವಷ್ಟರಲ್ಲಿ ನನಗೆ ಹಸಿವಾಯಿತು. ಅದೇ ಔಷಧಿ. ಒಂದು ಮಾತ್ರೆಯನ್ನೂ ನುಂಗದೆ ಉಹುರು ಮುಟ್ಟಿದ್ದೇನೆ. ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆ ತಗೊಂಡು ಹತ್ತುವುದು ಬೆಟ್ಟಕ್ಕೆ ಮಾಡುವ ಮೋಸ.

ಬಿಸಿನೀರು:
ಮೋಸ ಅನ್ನುವ ಮಾತು ವಾಪಸ್ ತಗೊಳ್ಳಿ. ನಾನು ಡಾಕ್ಟರನ್ನು ಕೇಳಿಯೇ ತಗೊಂಡೆ, 125 ಮಿಲಿಗ್ರಾಂ, ದಿನಕ್ಕೆರಡು ಸಲ. ಆ ಮಾತ್ರೆ ತಲೆನೋವನ್ನು ಮುಚ್ಚಿಡುವುದಿಲ್ಲ. ಉಸಿರಾಟ ಜಾಸ್ತಿ ಮಾಡಿ, ಮೈ ಎತ್ತರಕ್ಕೆ ಬೇಗ ಹೊಂದಿಕೊಳ್ಳುವ ಹಾಗೆ ಮಾಡುತ್ತದೆ. ತೊಂದರೆಯೂ ಅನುಭವಿಸಿದ್ದೇನೆ. ಬೆರಳ ತುದಿ ಜುಮ್ ಅನ್ನುತ್ತದೆ, ರಾತ್ರಿಯೆಲ್ಲಾ ಮೂತ್ರಕ್ಕೆ ಏಳಬೇಕು. ಶಿಖರಕ್ಕೆ ಮುಂಚಿನ ಕೊನೆಯ ಕ್ಯಾಂಪ್ ಬರಾಫುವಿನ ಆ ಗಾಳಿಯಲ್ಲಿ ಹೆಡ್‌ಲ್ಯಾಂಪ್ ಹುಡುಕಿ, ಬೂಟು ಹಾಕಿ, ಮಂಜು ಕಟ್ಟಿದ ಜಿಪ್ ಎಳೆದು ಹೊರಗೆ ಹೋಗುವುದು ಎಂಥಾ ಕಷ್ಟ ಅಂತ ನನಗೆ ಗೊತ್ತು. ಸಲ್ಫಾ ಅಲರ್ಜಿ ಇರುವವರು ಮೊದಲೇ ಡಾಕ್ಟರಿಗೆ ಹೇಳಲೇಬೇಕು. ನಿಮ್ಮಂಥವರ ಮಾತು ಕೇಳಿ ನನ್ನ ಜೊತೆಗಾರ್ತಿ ಮಾತ್ರೆ ಬಿಟ್ಟಳು. ಕುಳಿಯ ಅಂಚಿನ ಸ್ಟೆಲ್ಲಾ ಪಾಯಿಂಟ್ ಕೆಳಗೆ ನೇರವಾಗಿ ನಿಲ್ಲಲಾರದೆ ತೂರಾಡಿದಳು, ಮಾತು ತೊದಲಿತು. ಇಬ್ಬರು ಗೈಡುಗಳು ತೋಳು ಹಿಡಿದು ಇಳಿಸಿದರು.

ಇನ್ಶೂರೆನ್ಸ್ ಪತ್ರವನ್ನು ಪೂರ್ತಿ ಓದಿ. 6,000 ಮೀಟರ್ ತನಕ ಟ್ರೆಕಿಂಗ್, ಹೆಲಿಕಾಪ್ಟರ್ ಎರಡೂ ಬರೆದಿರಬೇಕು. ನನ್ನ ಮೊದಲ ಪಾಲಿಸಿ 4,000ಕ್ಕೇ ನಿಂತಿತ್ತು. ರದ್ದು ಮಾಡಿಸಿ ಬೇರೆ ತಗೊಂಡೆ, ಮೊದಲಿನ ದುಡ್ಡು ಪೂರ್ತಿ ವಾಪಸ್ ಬರಲಿಲ್ಲ.

ಎತ್ತರಪ್ರೇಮಿ:
ನಿಮ್ಮ ಜೊತೆಗಾರ್ತಿಗೆ ನಾನು ಹೇಳಿದೆನಾ? ನನ್ನ ಅನುಭವ ನಾನು ಹೇಳಿದೆ. ನಿಧಾನ ನಡೆಯಿರಿ, ನೀರು ಕುಡಿಯಿರಿ, ಗೈಡ್ ‘ಪೋಲೆ ಪೋಲೆ’ (ನಿಧಾನ ನಿಧಾನ) ಅಂದಾಗ ಅವನನ್ನು ಹಿಂದೆ ಹಾಕಬೇಡಿ, ಅಷ್ಟೇ. ಕೊನೆಯ ರಾತ್ರಿ ಪೈಪ್ ಇರುವ ನೀರಿನ ಚೀಲ ನಂಬಬೇಡಿ, ಪೈಪಿನಲ್ಲೇ ನೀರು ಗಟ್ಟಿಯಾಗುತ್ತದೆ. ಬಾಟಲಿಯನ್ನು ತಲೆಕೆಳಗಾಗಿ ಇಟ್ಟುಕೊಳ್ಳಿ, ಮಂಜು ತಳದ ಕಡೆ ಕಟ್ಟುತ್ತದೆ, ಮುಚ್ಚಳ ತೆರೆಯಬಹುದು.

ಹೊಸಹೆಜ್ಜೆ:
ಎಲ್ಲರಿಗೂ ಥ್ಯಾಂಕ್ಸ್. ತಂಗಿಯ ಮೊಣಕಾಲಿನ ಬಗ್ಗೆ ಯಾರಾದರೂ ಹೇಳುತ್ತೀರಾ?

ಇಳಿಜಾರು:
ಪಾಪ, ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಎರಡೂ ಮೊಣಕಾಲು ಮ್ವೆಕಾ ದಾರಿಯಲ್ಲಿ ಹೋಗಿವೆ, ಅದಕ್ಕೇ ಹೇಳುತ್ತೇನೆ. ಮಚಾಮೆ, ಲೆಮೋಶೊ ಎರಡರಲ್ಲೂ ಇಳಿಯುವುದು ಮ್ವೆಕಾದಿಂದಲೇ. ಶಿಖರದ ದಿನವೇ 5,895ರಿಂದ 3,100ರ ಸುಮಾರಿಗೆ ಇಳಿಸುತ್ತಾರೆ. ಕಾಡಿನೊಳಗೆ ಕೆಸರು, ಬೇರು, ಒಂದಾದ ಮೇಲೆ ಒಂದು ಮೆಟ್ಟಿಲು. ಫಿಸಿಯೋಥೆರಪಿಗೆ ನಾನು ಸುರಿದ ದುಡ್ಡಲ್ಲಿ ಇನ್ನೊಂದು ಜೊತೆ ಬೂಟು ಬರುತ್ತಿತ್ತು. ಮರಂಗುವಿನಲ್ಲಿ ಹತ್ತಿದ ದಾರಿಯಲ್ಲೇ ಇಳಿಯುತ್ತೀರಿ. ಆ ದಿನ ಹೊರೊಂಬೊದಲ್ಲಿ, 3,720ಕ್ಕೇ ನಿಲ್ಲಬಹುದು. ಇಳಿಜಾರೂ ಅಷ್ಟು ಕಡಿದಲ್ಲ. 5 ದಿನ ಬೇಡ, 6 ದಿನದ್ದು ತಗೊಳ್ಳಿ, ಹೊರೊಂಬೊದಲ್ಲಿ ಎರಡು ರಾತ್ರಿ ಹತ್ತುವಾಗಲೇ ಸಿಗುತ್ತದೆ. ಎರಡೂ ಕೈಗೆ ಪೋಲ್ ಇರಲಿ.

ಮೋಡದಾಚೆ:
ಮತ್ತೆ ಮರಂಗು! 6 ದಿನ ಮಾಡಿದರೂ ಹೊರೊಂಬೊದಿಂದ ಕಿಬೊಗೆ ಅದೇ ಸಾವಿರ ಮೀಟರ್ ಒಂದೇ ದಿನದಲ್ಲಿ ಏರಬೇಕು. ಅದನ್ನು ಯಾಕೆ ಹೇಳುತ್ತಿಲ್ಲ?

ಇಳಿಜಾರು:
ಅವರು ಕೇಳಿದ್ದು ಮೊಣಕಾಲಿನ ಬಗ್ಗೆ.

ಶಿರಾಬಯಲು:
ಮೋಡದಾಚೆಯವರೇ, ಟಿಪ್ ಬಗ್ಗೆ ಕೇಳಿದಿರಲ್ಲ, ನಾವೂ ಒಬ್ಬೊಬ್ಬರ ಕೈಗೇ ಕೊಟ್ಟಿದ್ದು. ಯಾರಿಗೆ ಎಷ್ಟು ಅಂತ ಎಲ್ಲರೆದುರಿಗೆ ಓದಿ ಹೇಳಿದೆವು. 2006ಕ್ಕಿಂತ ಹಳೆಯ ಡಾಲರ್ ನೋಟು ಅಲ್ಲಿ ನಡೆಯುವುದಿಲ್ಲ ಅಂತ ಗೊತ್ತಿತ್ತು, ಅದಕ್ಕೇ ಹೊಸ ನೋಟು, ಚಿಲ್ಲರೆ ಮಾಡಿಸಿಕೊಂಡೇ ಹೋಗಿದ್ದೆವು. ನಿಮ್ಮ 280ರಲ್ಲಿ ಹಳೆಯ ನೋಟು ಎಷ್ಟಿತ್ತು?

ಮೋಡದಾಚೆ:
ಒಂದೂ ಇರಲಿಲ್ಲ. ಬೇಕಿದ್ದರೆ ಬ್ಯಾಂಕಿನ ಚೀಟಿ ತೋರಿಸುತ್ತೇನೆ.