3,500 ಕೆಜಿ ಎಳೆಯುವ ಪಿಕಪ್‌ಗೆ 2,900 ಕೆಜಿ ಕ್ಯಾರವಾನ್ ಹೊಂದುತ್ತದೆಯೇ?

ಬಾಣೇರ್ ಬಳಗ: ಪುಣೆಯಿಂದ ಗೋವಾಕ್ಕೆ ಓಡಾಡಲು 22 ಅಡಿಯ ಕ್ಯಾರವಾನ್ ಟ್ರೈಲರ್ ನೋಡಿದ್ದೇವೆ. ಖಾಲಿ ತೂಕ 2,900 ಕೆಜಿ. ನಮ್ಮದು ಡಬಲ್ ಕ್ಯಾಬ್ ಡೀಸೆಲ್ ಪಿಕಪ್: ಖಾಲಿ 2,050, ತುಂಬಿದರೆ ಮಿತಿ 3,000, ಗಾಡಿ-ಟ್ರೈಲರ್ ಸೇರಿ 5,850, ಟ್ರೈಲರ್ ಕೂರುವ ಕೊಂಡಿಯ ಗುಂಡು, ಅಂದರೆ ಬಾಲ್ ಮೇಲೆ 350, ಎಳೆಯುವ ಮಿತಿ 3,500. ಇನ್ನೂ 600 ಕೆಜಿ ಉಳಿಯುತ್ತದೆ, ಸಾಕಲ್ಲವೇ?

ಪಿಂಪ್ರಿ ಫಿಟ್ಟರ್: ಸಾಕಾಗೂದಿಲ್ರಿ. ಖಾಲಿ ಟ್ರೈಲರ್ ಯಾರೂ ಎಳೆಯೂದಿಲ್ಲ. ನೀರು 150 ಲೀಟರ್ ಅಂದ್ರ 150 ಕೆಜಿ, ತುಂಬಿದ ಎರಡು ಮನೆ ಸಿಲಿಂಡರ್ 60, ಬ್ಯಾಟರಿ, ಹಾಸಿಗೆ, ಪಾತ್ರೆ, ಸಾಮಾನು 250. ಆತು 3,360. ಗಾಡಿಗೆ ನಾಲ್ಕು ಮಂದಿ 280, ಲಗೇಜು 120, ಹಿಚ್ ಅಂದ್ರ ಗಾಡಿಗೆ ಹಾಕೋ ಎಳೆಯೋ ಕೊಂಡಿ 40, ಒಟ್ಟು 2,490. ಎರಡೂ ಕೂಡಿಸ್ರಿ: 5,850. ಒಂದು ಕೆಜಿನೂ ಉಳೀಲಿಲ್ಲ.

ವಾಶಿ ಡೀಸೆಲ್: ಮಿತಿಯೊಳಗೇ ಇದೆಯಲ್ಲ ಸರ್? ಮಿತಿ ಇಡುವಾಗ ಕಂಪನಿಯವರು ಒಂದಿಷ್ಟು ಬಿಟ್ಟೇ ಇಟ್ಟಿರುತ್ತಾರೆ. ಈಗಿನ ಡೀಸೆಲ್ ಎಂಜಿನ್‌ಗಳಿಗೆ ಟಾರ್ಕ್‌ಗೇನೂ ಕೊರತೆಯಿಲ್ಲ.

ಪಿಂಪ್ರಿ ಫಿಟ್ಟರ್: ಎಳೆಯೂದು ಎಂಜಿನ್, ನಿಲ್ಲಿಸೂದು ಬ್ರೇಕ್. ಎಪ್ರಿಲ್ ಬಿಸಿಲಾಗ ಖಂಬಾಟಕಿ ಘಾಟ್ ಏರುವಾಗ ಗೇರ್‌ಬಾಕ್ಸ್ ಎಣ್ಣಿ ಕಾಯ್ತದ. ಅದರ ಮೇಲೆ ಘಾಟ್ ಇಳಿತ. ಟ್ರೈಲರ್‌ಗೆ ಎಲೆಕ್ಟ್ರಿಕ್ ಬ್ರೇಕ್, ಕ್ಯಾಬಿನ್ನಿನಾಗ ಕಂಟ್ರೋಲರ್, ಕೊಂಡಿ ಕಳಚಿದ್ರ ತಾನೇ ಬ್ರೇಕ್ ಹಿಡಿಯೋ ಬ್ರೇಕ್‌ಅವೇ ಸ್ವಿಚ್, ಮೂರೂ ಇಲ್ಲದ ಇಷ್ಟು ಭಾರ ರಸ್ತೆಗೆ ಇಳಿಸಬ್ಯಾಡ್ರಿ. ಇಳಿಯುವಾಗ ಎರಡನೇ ಅಥವಾ ಮೂರನೇ ಗೇರು. ಪೆಡಲ್ ಒತ್ತೇ ಇದ್ರ ಬ್ರೇಕ್ ಕಾದು ಕೆಲಸ ಬಿಡ್ತದ.

ಮಡಗಾಂವ್ ಟೋ: ಇಲ್ಲಿ ಮೊದಲು ಕೈಕೊಡುವುದು ಬಾಲ್ ತೂಕ. ಟ್ರೈಲರ್ ತೂಗಾಡದಿರಬೇಕಾದರೆ ಅದರ ಒಟ್ಟು ತೂಕದ ಶೇ. 10ರಿಂದ 15 ಕೊಂಡಿಯ ಮೇಲಿರಬೇಕು. 3,360ಕ್ಕೆ ಶೇ. 10 ಅಂದರೇ 336, ನಿಮ್ಮ ಮಿತಿ 350. ನಡುವೆ 14 ಕೆಜಿ ಜಾಗ, ಒಂದು ಅಕ್ಕಿ ಮೂಟೆಗೂ ಸಾಲದು. ಇನ್ನೊಂದು ಲೆಕ್ಕ: ಬಾಲ್ ಹಿಂದಿನ ಆಕ್ಸಲ್‌ಗಿಂತ 1.2 ಮೀಟರ್ ಹಿಂದಿದ್ದು ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ಅಂತರ) 3.1 ಮೀಟರ್ ಇದ್ದರೆ, 350 ಕೆಜಿ ಮುಂದಿನ ಆಕ್ಸಲ್‌ನಿಂದ ಸುಮಾರು 135 ಕೆಜಿ ಎತ್ತುತ್ತದೆ. ಹಿಂದಿನದಕ್ಕೆ ಬೀಳುವುದು 485. ಸ್ಟೀರಿಂಗ್ ಹಗುರಾಗಿ, ಹೆಡ್‌ಲೈಟ್ ಮೇಲಕ್ಕೆ ನೋಡುತ್ತದೆ.

ವಾಶಿ ಡೀಸೆಲ್: ಹಾಗಾದರೆ ಸಾಮಾನೆಲ್ಲ ಟ್ರೈಲರ್‌ನ ಹಿಂಭಾಗಕ್ಕೆ ಹಾಕಿ, ಬಾಲ್ ಹಗುರಾಗುತ್ತದೆ. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಕೂಡ ಇದೆ.

ಮಡಗಾಂವ್ ಟೋ: ದಯವಿಟ್ಟು ಹಾಗೆ ಮಾಡಬೇಡಿ. ಹಿಂದೆ ಭಾರ ಹಾಕಿದ ಟ್ರೈಲರ್, ಲಾರಿ ಪಕ್ಕಕ್ಕೆ ಬಂದಾಗಿನ ಗಾಳಿಗೇ ಬಾಲ ಬೀಸತೊಡಗುತ್ತದೆ. ಒಮ್ಮೆ ಶುರುವಾದರೆ ಗಾಡಿಯ ಬ್ರೇಕ್ ಒತ್ತಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಕಂಟ್ರೋಲರ್‌ನಿಂದ ಟ್ರೈಲರ್ ಬ್ರೇಕ್ ಮಾತ್ರ ಹಿಡಿಯಬೇಕು. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಒಂದಿಷ್ಟು ಭಾರವನ್ನು ಮುಂದಿನ ಆಕ್ಸಲ್‌ಗೆ ಮರಳಿಸುತ್ತದೆ ನಿಜ. ಮಿತಿ ಮಾತ್ರ ಹೆಚ್ಚುವುದಿಲ್ಲ. ಕೆಲವು ಕಂಪನಿಗಳು ಅದನ್ನು ಹಾಕಲೇಬೇಡಿ ಅನ್ನುತ್ತವೆ.

ಬಾಣೇರ್ ಬಳಗ: ನೀರು ಖಾಲಿ ಇಟ್ಟುಕೊಂಡು ಹೋದರೆ?

ಪಿಂಪ್ರಿ ಫಿಟ್ಟರ್: 150 ಕೆಜಿ ಇಳೀತದ ಖರೆ. ಆದ್ರ ಟ್ಯಾಂಕ್ ಎಲ್ಲೈತಿ ನೋಡ್ರಿ. ಆಕ್ಸಲ್ ಮುಂದಿದ್ರ ಬಾಲ್ ತೂಕ ಇಳೀತದ, ಹಿಂದಿದ್ರ ಏರ್ತದ. ಕಾಟಾದಾಗ ತೂಗಿಸದೇ ಹೇಳಾಕ ಬರೂದಿಲ್ಲ. ಮೊದಲು ಮಂದಿ, ಸಾಮಾನು ಸಮೇತ ಪಿಕಪ್ ಒಂದೇ ತೂಗಿಸ್ರಿ. ಆಮೇಲೆ ಟ್ರೈಲರ್ ಜೋಡಿಸಿ, ಪಿಕಪ್ಪಿನ ನಾಲ್ಕು ಗಾಲಿ ಮಾತ್ರ ಕಾಟಾ ಮೇಲೆ. ಎರಡರ ವ್ಯತ್ಯಾಸನೇ ಬಾಲ್ ತೂಕ. ಕೊನೀಗೆ ಎರಡನ್ನೂ ಒಟ್ಟಿಗೆ ತೂಗಿಸ್ರಿ.

ಲೋಣಾವಳಾ ಆಫ್‌ರೋಡ್: ನೀವು ಕೊಟ್ಟ ಅಂಕಿಗಳು ಹೊರದೇಶದ ಮಾದರಿಯದಲ್ಲ ತಾನೇ? ನಿಮ್ಮ ಗಾಡಿಯ ಕೈಪಿಡಿ, ಹಿಚ್‌ನ ಪ್ಲೇಟ್ ನೋಡಿ. ಯಾವುದು ಕಡಿಮೆಯೋ ಅದೇ ಮಿತಿ. ಹಿಚ್ ಚಾಸಿಗೆ ಬೋಲ್ಟ್ ಆಗಿರಬೇಕು, ಬಂಪರ್‌ಗಲ್ಲ. ಟ್ರೈಲರ್‌ಗೂ ಬೇರೆ ನೋಂದಣಿ ಬೇಕು.

ಬಾಣೇರ್ ಬಳಗ: 2,200 ಕೆಜಿಯದೊಂದು 18 ಅಡಿಯದೂ ಇದೆ.

ಮಡಗಾಂವ್ ಟೋ: ಅದೇ ಸಾಮಾನಿನೊಂದಿಗೆ 2,660 ಆಗುತ್ತದೆ. ಶೇ. 12ರಂತೆ ಬಾಲ್ ಮೇಲೆ 319, ಒಟ್ಟು 5,150. 700 ಕೆಜಿ ಉಳಿಯುತ್ತದೆ. ಗೋವಾಕ್ಕೆ ಇಳಿಯುವ ಚೋರ್ಲಾ ಘಾಟ್‌ನ ತಿರುವುಗಳಲ್ಲಿ ಉದ್ದದ ಟ್ರೈಲರ್‌ನ ಹಿಂಗಾಲಿ ಒಳಕ್ಕೆ ಎಳೆಯುತ್ತದೆ, 18 ಅಡಿಯದು ಅಲ್ಲೂ ಹಗುರ. ತೆಗೆದುಕೊಳ್ಳುವ ಮುನ್ನ ಬಾಲ್ ಮೇಲೆ ಕೂರುವ ಟ್ರೈಲರ್‌ನ ಕಪ್ಲರ್ 50 ಮಿಮೀಯದೋ 2 ಇಂಚಿನದೋ ಕೇಳಿ. 50 ಮಿಮೀ ಬಾಲ್ ಮೇಲೆ 2 ಇಂಚಿನದು ಸಡಿಲ ಕೂರುತ್ತದೆ.